ಇಷ್ಟು ಥಂಡಿ ಅದ, ಭೂಮಿ ಬಿಸಿ ಆಗ್ಲಕತ್ತದ ಅಂತೀರಲ್ರೀ?

ಎಳ್ಳಮಾವಾಸ್ಯೆ ಹತ್ತಿರ ಬಂದರೆ ಈ ಪ್ರಶ್ನೆಯೂ ಬರುತ್ತದೆ. ಬೀದರ್‌ನಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದ ಸುದ್ದಿ ಫೋನಿಗೆ ಬಂದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ: “ಮೈ ನಡಗ್ಲಕತ್ತದ, ನೀವು ಭೂಮಿ ಬಿಸಿ ಆಗ್ಲಕತ್ತದ ಅಂತೀರಿ. ಹೆಂಗ್ರೀ ಅದು?” ಕೇಳುವುದರಲ್ಲಿ ತಪ್ಪೇನಿಲ್ಲ. ಮೈಗೆ ತಾಗಿದ್ದನ್ನೇ ನಾವೆಲ್ಲ ಮೊದಲು ನಂಬುವುದು. ನನ್ನ ಉತ್ತರವೂ ಆ ಥಂಡಿಯಿಂದಲೇ ಶುರುವಾಗುತ್ತದೆ.

ಬೀದರ್‌ನಲ್ಲಿ ಥಂಡಿ ಯಾಕೆ ಜಾಸ್ತಿ? ಊರು ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಕಡಲು ಬಹಳ ದೂರ. ಡಿಸೆಂಬರ್‌ನಲ್ಲಿ ಉತ್ತರದ ಕಡೆಯಿಂದ ಒಣ ಗಾಳಿ ಬೀಸುತ್ತದೆ, ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಹಗಲೆಲ್ಲ ಕಾದ ನೆಲ ಹೊತ್ತು ಮುಳುಗಿದ ಮೇಲೆ ಶಾಖವನ್ನು ಮೇಲಕ್ಕೆ ಬಿಡುತ್ತಾ ಹೋಗುತ್ತದೆ. ತಡೆಯಲು ಮೋಡವಿಲ್ಲ, ಗಾಳಿಯಲ್ಲಿ ತೇವವೂ ಕಡಿಮೆ. ನಸುಕಿನಲ್ಲಿ ತಗಡಿನ ಮೇಲೆ ಕೈ ಇಟ್ಟರೆ ಬೆರಳು ಮರಗಟ್ಟುತ್ತವೆ. ಅದೇ ಮೋಡ ಕವಿದ ರಾತ್ರಿಯಾದರೆ ಒಂದು ಕೌದಿ ಸಾಕು. ಹೊಲ ಕಾಯಲು ಮಲಗುವವರನ್ನು ಕೇಳಿ ನೋಡಿ, ಅವರಿಗಿದು ಚೆನ್ನಾಗಿ ಗೊತ್ತು.

ಮೇಲೆ ತಡೆ ಇದ್ದರೆ ಶಾಖ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಭೂಮಿ ಬಿಸಿಯಾಗುತ್ತಿರುವುದರ ಹಿಂದಿರುವುದೂ ಇದೇ. ಕಾರ್ಬನ್ ಡೈಆಕ್ಸೈಡ್ ಕೂಡ ಶಾಖವನ್ನು ತಡೆಯುತ್ತದೆ. ಮೋಡ ಇವತ್ತು ಬಂದು ನಾಳೆ ಚದುರಬಹುದು. ಕಲ್ಲಿದ್ದಲು, ಡೀಸೆಲ್ ಸುಟ್ಟು ನಾವು ಸೇರಿಸಿದ ಅನಿಲದ ದೊಡ್ಡ ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಅದು ಸುಮಾರು 280 ಇತ್ತು, ಈಗ 420 ದಾಟಿದೆ. ಬೀದರ್‌ನ ಒಂದು ರಾತ್ರಿಯಲ್ಲಿ ಈ ಹೆಚ್ಚಳ ಮೈಗೆ ಗೊತ್ತಾಗುವುದಿಲ್ಲ. ಆದರೆ ಅದು ಪ್ರತಿ ರಾತ್ರಿ, ಪ್ರತಿ ಊರಿನ ಮೇಲೂ ಇದೆ.

ಅದಕ್ಕೇ ಹವಾಮಾನ ತಜ್ಞರು 30 ವರ್ಷಗಳ ಸರಾಸರಿ ನೋಡುವುದು. ಒಂದು ವರ್ಷ ತೊಗರಿ ಕೈಕೊಟ್ಟಿತು ಅಂತ ಹೊಲವೇ ಬರಡು ಎಂದು ಯಾವ ರೈತನೂ ಹೇಳುವುದಿಲ್ಲ, ಅಲ್ವಾ? ಇನ್ನು ಜಾಗದ ಲೆಕ್ಕ. ಇಡೀ ಭಾರತ ಸೇರಿದರೂ ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಒಂದು ಪಾಲಿಲ್ಲ. 2015ರ ಫೆಬ್ರವರಿಯಲ್ಲಿ ಜೇಮ್ಸ್ ಇನ್‌ಹೋಫ್ ಎಂಬ ಸೆನೆಟರ್ ಹೊರಗೆ ಬಿದ್ದ ಹಿಮದ ಉಂಡೆ ಹಿಡಿದುಕೊಂಡು ಅಮೆರಿಕದ ಸೆನೆಟ್‌ಗೇ ಬಂದರು. ಹೊರಗೆ ಇಷ್ಟು ಚಳಿ ಇದೆ, ನೋಡಿ ಎಂದರು. ಆ 2015 ಅಲ್ಲಿಯವರೆಗಿನ ದಾಖಲೆಯಲ್ಲೇ ಜಗತ್ತಿನ ಅತಿ ಬಿಸಿ ವರ್ಷವಾಯಿತು. 2024 ಅದನ್ನೂ ಮೀರಿಸಿತು: 1850–1900ರ ಸರಾಸರಿಗಿಂತ ಸುಮಾರು ಒಂದೂವರೆ ಡಿಗ್ರಿ ಜಾಸ್ತಿ.

“ಹಂಗಾದ್ರ ಥಂಡಿ ನಿಂತೇ ಹೋಗ್ತದೇನ್ರಿ?” ಎಂದೂ ಕೆಲವರು ಕೇಳುತ್ತಾರೆ. ಇಲ್ಲ. ಭೂಮಿ ವಾಲಿಕೊಂಡು ಸೂರ್ಯನನ್ನು ಸುತ್ತುವವರೆಗೆ ಚಳಿಗಾಲ ಇದ್ದೇ ಇರುತ್ತದೆ, ಕೆಲವು ವರ್ಷ ಕಡು ಥಂಡಿಯೂ ಬೀಳುತ್ತದೆ. ನನಗೆ ಹೆಚ್ಚು ಚಿಂತೆ ಅದರ ನಂತರದ ದಿನಗಳದ್ದು. ನಮ್ಮ ಹಿಂಗಾರಿ ಕಡಲೆಗೆ ಥಂಡಿ ಬೇಕು. ಕಾಯಿ ಕಟ್ಟುವ ಹೊತ್ತಿಗೆ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ತುಂಬುವುದಿಲ್ಲ, ಇಳುವರಿ ಬೀಳುತ್ತದೆ. ಬಿಸಿಯ ಬಗ್ಗೆ ತಿಳಿಯಬೇಕೆನ್ನುವವರು ಫೆಬ್ರವರಿಯಲ್ಲಿ ಕಡಲೆ ಹೊಲಕ್ಕೆ ಹೋಗಿ, ಬೆಳೆದವರನ್ನು ಮಾತಾಡಿಸಲಿ.