ಎಲ್ಲಾ ಹೇಂಟೆನೇ ಅಕ್ಕ ಅಂದಿದ್ರು

ಜೂನಲ್ಲಿ ಮಳೆ ಹಿಡಿಯೋ ಮುಂಚೆ ಕೊಡಗಿನ ಸುಂಟಿಕೊಪ್ಪದ ಹತ್ರ ಬೈಕಲ್ಲಿ ಬುಟ್ಟಿ ಕಟ್ಕೊಂಡು ಬರೋ ಒಬ್ರ ಹತ್ರ 11 ಕೋಳಿಮರಿ ತಗೊಂಡೆ. "ಎಲ್ಲಾ ಹೇಂಟೆನೇ ಅಕ್ಕ, ಪಕ್ಕಾ ಗಿರಿರಾಜ" ಅಂದ್ರು, ಮೊಟ್ಟೆ ಆಸೆಗೆ ನಂಬಿದೆ. ಒಂದನ್ನ ಕೀರ, ಅಂದ್ರೆ ಮುಂಗುಸಿ, ಹೊತ್ಕೊಂಡು ಹೋಯ್ತು. ಉಳಿದ 10ರಲ್ಲಿ 6 ಹುಂಜ! ಬೆಳಿಗ್ಗೆ ನಾಲ್ಕೂವರೆಗೇ ಆರೂ ಸೇರಿ ಶುರು ಹಚ್ಕೊಳ್ತವೆ, ಮನೆಯವರು ನನ್ನ ಮುಖ ನೋಡ್ತಾರೆ.

ಗಿರಿರಾಜ ಅನ್ನೋದೂ ಡೌಟೇ. ನಮ್ಮ ಕಡೆ ಬಣ್ಣಬಣ್ಣದ ದಪ್ಪ ಕೋಳಿ ಕಂಡ್ರೆ ಗಿರಿರಾಜ, ಸಣ್ಣದಿದ್ರೆ ನಾಟಿ, ಅಷ್ಟೇ ಲೆಕ್ಕ. ನಿಜವಾದ ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಲಿ ಹಿತ್ತಲಲ್ಲಿ ಸಾಕೋಕೆ ಅಂತಾನೇ ಬೇರೆ ಬೇರೆ ತಳಿ ಸೇರಿಸಿ ಮಾಡಿದ್ದು. ಕ್ರಾಸ್ ಆಗಿರೋದ್ರಿಂದ ಅದರ ಮೊಟ್ಟೆನ ಮನೇಲೇ ಕಾವಿಗಿಟ್ಟು ಮರಿ ಮಾಡಿಸಿದ್ರೆ ಅಪ್ಪ ಅಮ್ಮನ ತೂಕ, ಮೊಟ್ಟೆ ಲೆಕ್ಕ ಎರಡೂ ಹಂಗೇ ಬರಲ್ಲ, ಎರಡು ತಲೆಮಾರು ಹೋದ್ರೆ ಊರಿನ ಎಲ್ಲಾ ಹುಂಜದ ಗುಣನೂ ಅದ್ರಲ್ಲಿರತ್ತೆ.

ನನ್ನ ಮರಿಲಿ ಒಂದಕ್ಕೆ ಕತ್ತಲ್ಲಿ ಪುಕ್ಕನೇ ಇರ್ಲಿಲ್ಲ. ಹುಳ ಕಡಿದಿದೆ ಅಂತ ಒಂದು ವಾರ ಅರಿಶಿನ ಎಣ್ಣೆ ಹಚ್ಚಿದೆ, ಪಾಪ ಅದೂ ಸುಮ್ನೆ ಹಚ್ಚಿಸ್ಕೊಳ್ತು. ಆಮೇಲೆ ಗೊತ್ತಾಯ್ತು ಬೋಳುಕತ್ತಿನ ಜಾತಿ ಅಂತ. ಕತ್ತಿನ ಮುಂದೆ ಕೆಳಗಡೆ ಒಂದು ಪುಕ್ಕದ ಗೊಂಚಲು ಇದ್ರೆ ಬೋಳು ಗುಣ ಅಪ್ಪ ಅಮ್ಮ ಇಬ್ರಲ್ಲಿ ಒಬ್ರಿಂದ ಮಾತ್ರ ಬಂದಿರತ್ತೆ, ಪೂರ್ತಿ ಬೋಳಾಗಿದ್ರೆ ಇಬ್ರಿಂದಲೂ. ನಮ್ಮದಕ್ಕೆ ಗೊಂಚಲಿದೆ.

ಪಕ್ಕದ ಲೈನ್‌ಮನೆಯವರು ಕಪ್ಪು ಮರಿಗೆ ಡಬಲ್ ದುಡ್ಡು ಕೊಟ್ಟು ಕಡಕ್‌ನಾಥ್ ಅಂತ ತಂದಿದ್ರು. ಬಾಯಿ ಬಿಡಿಸಿ ನೋಡಿದ್ರೆ ನಾಲಿಗೆ ಕೆಂಪಗೆ! ಮಧ್ಯಪ್ರದೇಶದ ಝಬುವಾ ಕಡೆಯ ಅಸಲಿ ಕಡಕ್‌ನಾಥ್‌ಗೆ ಚರ್ಮ, ಮಾಂಸ, ನಾಲಿಗೆ ಎಲ್ಲಾ ಕಪ್ಪು, ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು ಬಣ್ಣ. ಕಪ್ಪು ಮೊಟ್ಟೆ ಅಂತ ಯಾರಾದ್ರೂ ಮಾರಿದ್ರೆ ತಗೋಬೇಡಿ ಮಾರಾಯ್ರೆ.

ಹುಂಜನಾ ಹೇಂಟೆನಾ ಅನ್ನೋದ್ರಲ್ಲಿ ನಾನು ಎಡವಿದ್ದು ಜುಟ್ಟು ನೋಡಿ. ಆರೇಳು ವಾರಕ್ಕೆ ಜುಟ್ಟು ದಪ್ಪ ಆಗಿ ಕೆಂಪೇರಿದ್ರೆ ಸಾಮಾನ್ಯವಾಗಿ ಹುಂಜನೇ, ಆದ್ರೆ ಎಲ್ಲಾ ಮಿಕ್ಸ್ ಆಗಿರೋ ಹಿಂಡಲ್ಲಿ ಒಂದರ ಜುಟ್ಟು ಹುಟ್ಟಿಂದಲೇ ಚಪ್ಪಟೆ, ಇನ್ನೊಂದರದ್ದು ಗರಗಸದ ಥರ, ಎರಡನ್ನೂ ಹೋಲಿಸಕ್ಕೇ ಆಗಲ್ಲ. ಚಪ್ಪಟೆ ಜುಟ್ಟಿನ ಸಾಧು ಮರಿನ ಹೇಂಟೆ ಅಂತ ಲೆಕ್ಕಕ್ಕೆ ಹಿಡಿದಿದ್ದೆ, ಈಗ ಎಲ್ಲರಿಗಿಂತ ಜೋರಾಗಿ ಕೂಗೋದು ಅದೇ. ನನಗೆ ಕೊನೆಗೂ ಕೈ ಹಿಡಿದಿದ್ದು ಬೆನ್ನಿನ ಪುಕ್ಕ. ಮೂರು ತಿಂಗಳ ಹೊತ್ತಿಗೆ ಬಾಲ ಶುರುವಾಗೋ ಜಾಗದಲ್ಲಿ ಕೈಯಾಡಿಸಿ ನೋಡಿ, ಹುಂಜಕ್ಕೆ ಅಲ್ಲಿ ಸಣ್ಣಗೆ ಉದ್ದ, ತುದಿ ಚೂಪಾಗಿರೋ ಮಿರಮಿರ ಪುಕ್ಕ ಎರಡೂ ಪಕ್ಕ ಇಳಿಬಿದ್ದಿರತ್ತೆ, ಹೇಂಟೆಗೆ ತುದಿ ದುಂಡಗೆ. ಕತ್ತಿನ ಪುಕ್ಕದಲ್ಲೂ ಹಿಂಗೇ ಗೊತ್ತಾಗತ್ತೆ ಅಂತಾರೆ, ನಮ್ಮ ಬೋಳಕ್ಕನಿಗೆ ಅದೇ ಇಲ್ವಲ್ಲ, ಬೆನ್ನೇ ಗತಿ.

ಒಂದು ದಿನದ ಮರಿಲಿ ರೆಕ್ಕೆ ಬಿಡಿಸಿ ಹೇಳೋರೂ ಇದ್ದಾರೆ. ಅದು ರೆಕ್ಕೆ ಬೇಗ ಬೆಳೆಯೋ ಹುಂಜಕ್ಕೂ ನಿಧಾನ ಬೆಳೆಯೋ ಹೇಂಟೆಗೂ ಬೇಕಂತಲೇ ಜೋಡಿ ಮಾಡಿರೋ ಹ್ಯಾಚರಿ ಮರಿಗೆ ಮಾತ್ರ ನಡೆಯತ್ತೆ, ಬೈಕಿನ ಬುಟ್ಟಿ ಮರಿಗೆ ಅಲ್ಲ.

ಇನ್ನು ಅತ್ತೆ. ಅವರ ಪ್ರಕಾರ ಉದ್ದ ಮೊಟ್ಟೆಲಿ ಹುಂಜ, ದುಂಡು ಮೊಟ್ಟೆಲಿ ಹೇಂಟೆ. "ಹಂಗಲ್ಲ ಅತ್ತೆ, ಮೊಟ್ಟೆ ಆಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ಕೋಳಿಲಿ ಗಂಡೋ ಹೆಣ್ಣೋ ತೀರ್ಮಾನ ಆಗೋದು ತಾಯಿ ಕಡೆಯಿಂದ" ಅಂದೆ. "ಎಲ್ಲಾ ತಪ್ಪೂ ಹೆಂಗಸರ ತಲೆಗೇ ಕಟ್ಟು" ಅಂದ್ರು. ಅವರ ಹಳೇ ನಾಟಿ ಹೇಂಟೆ ಕಾವಿಗೆ ಬಂದಿತ್ತು, ಹಠಕ್ಕೆ 5 ದುಂಡು 4 ಉದ್ದ ಮೊಟ್ಟೆ ಆರಿಸಿ, ಪೆನ್ಸಿಲಲ್ಲಿ ಗುರುತು ಹಾಕಿ ಇಟ್ವಿ. 21 ದಿನಕ್ಕೆ ಬರ್ಬೇಕು, ಇವತ್ತು ಹದಿನಾಲ್ಕು. ನಿನ್ನೆ ರಾತ್ರಿ ಮಲಗಿದ್ಮೇಲೆ ಹೊಳೀತು ನೋಡಿ, ಗುರುತು ಇರೋದು ಚಿಪ್ಪಿನ ಮೇಲೆ, ಮರಿ ಆಚೆ ಬಂದ್ಮೇಲೆ ಯಾವುದು ಯಾವ ಮೊಟ್ಟೆದು ಅಂತ ಗೊತ್ತಾಗೋದು ಹೆಂಗೆ? ಅತ್ತೆಗೆ ಇನ್ನೂ ಹೇಳಿಲ್ಲ.