ಒಂದೇ ಗಂಡು ಗಿಡ

ಊಟಕ್ಕೆ ಕೂತಾಗ ಮಗಳು ಮಧ್ಯಪ್ರದೇಶದ ಕುನೊ ಕಾಡಿನ ಚೀತಾ ಮರಿಗಳ ವಿಡಿಯೊ ತೋರಿಸಿದಳು. ಮುದ್ದಾಗಿವೆ, ಸರಿ. ನನಗೆ ಮಾತ್ರ ಯಾಕೋ ಒಂದು ಗಿಡ ನೆನಪಾಯ್ತು.

ಎನ್ಸೆಫಲಾರ್ಟೋಸ್ ವುಡಿಯೈ. ಸೈಕಾಡ್ ಜಾತಿ, ನೋಡೋಕೆ ತಾಳೆ ಮರದ ಹಾಗೆ; ಗಂಡು, ಹೆಣ್ಣು ಬೇರೆ ಬೇರೆ ಗಿಡ. 1895ರಲ್ಲಿ ದಕ್ಷಿಣ ಆಫ್ರಿಕಾದ ನ್ಗೋಯೆ ಕಾಡಲ್ಲಿ ಸಸ್ಯವಿಜ್ಞಾನಿ ಮೆಡ್ಲಿ ವುಡ್ ಕಣ್ಣಿಗೆ ಬಿದ್ದದ್ದು ಒಂದೇ ಒಂದು. ಅದೂ ಗಂಡು. ಹೆಣ್ಣು ಇವತ್ತಿಗೂ ಸಿಕ್ಕಿಲ್ಲ.

ಲಂಡನ್ನಿನ ಕ್ಯೂ ತೋಟಕ್ಕೆ 1899ರಲ್ಲಿ ಬಂದ ಗಿಡ 2004ರಲ್ಲಿ ಮೊದಲ ಸಲ ಕೋನ್ ಬಿಡ್ತು, ಅಂದ್ರೆ ಹೂವಿನ ಬದಲು ಬರೋ ಶಂಕು. ದಪ್ಪಗೆ, ಹಳದಿ-ಕಿತ್ತಳೆ ಬಣ್ಣ, ಒಳಗೆಲ್ಲ ಪರಾಗ. ಯಾರಿಗೆ ಅಂತ?

ಈಗ ಜಗತ್ತಲ್ಲಿರೋ ಗಿಡಗಳೆಲ್ಲ ನ್ಗೋಯೆಯ ಆ ಒಂದೇ ಗಿಡದ ಮರಿಗಳು, ಬಾಳೆ ಕಂದು ಕಿತ್ತು ನೆಟ್ಟ ಹಾಗೆ. ಎಲ್ಲವೂ ಗಂಡೇ.

ಚೀತಾ ಪಾಡು ಇಷ್ಟು ಕೆಟ್ಟಿಲ್ಲ. ಕಾಡಲ್ಲಿ ಇನ್ನೂ 7,000ದ ಆಸುಪಾಸು ಇವೆ. ಆದ್ರೆ 1980ರ ದಶಕದಲ್ಲಿ ಒಂದರ ಚರ್ಮದ ತುಂಡನ್ನ ಸಂಬಂಧವೇ ಇಲ್ಲದ ಇನ್ನೊಂದಕ್ಕೆ ಕಸಿ ಮಾಡಿ ನೋಡಿದ್ರು. ಬಹುಪಾಲು ಮೈಗಳು ಅದನ್ನ ತಳ್ಳಲೇ ಇಲ್ಲ, ತಮ್ಮದೇ ಅಂದ್ಕೊಂಡವು! ಹಿಂದೆಂದೋ ಬೆರಳೆಣಿಕೆಯಷ್ಟೇ ಉಳಿದು ಅವುಗಳಿಂದಲೇ ಬೆಳೆದ ಕುಲ. ಎಲ್ಲವೂ ಹೆಚ್ಚುಕಮ್ಮಿ ಒಂದೇ ರಕ್ತ.

ಚೀತಾಗೆ ನಮೀಬಿಯಾದಿಂದ ವಿಮಾನ, ಟಿವಿ ಲೈವ್. ಗಿಡಕ್ಕೂ ಇತ್ತೀಚೆಗೆ ನ್ಗೋಯೆ ಮೇಲೆ ಡ್ರೋನ್ ಹಾರಿಸಿ ಹೆಣ್ಣು ಹುಡುಕಿದ್ದಾರೆ, ಎಐ ಸಹಾಯದಿಂದ. ಜಾತಕ ಒಂದು ಕೇಳಿಲ್ಲ ಪುಣ್ಯಕ್ಕೆ.