ಹಿಕ್ಕೆ ಬಂತಾ?

ಆಪರೇಷನ್ ಅಂದರೆ ಹಿಂದಿನ ರಾತ್ರಿಯಿಂದ ಉಪವಾಸ ಅನ್ನುವುದು ನಮ್ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಪ್ಪನ ಹರ್ನಿಯಾ, ಅಮ್ಮನ ಗಾಲ್‌ಬ್ಲಾಡರ್ ಎರಡೂ ಆಗಿಹೋಗಿವೆ. ಹಾಗಾಗಿ ನಮ್ಮ ಮೊಲ ಬೆಲ್ಲಳ ಸಂತಾನಹರಣ ಆಪರೇಷನ್‌ಗೆಂದು ಕ್ಲಿನಿಕ್‌ಗೆ ಹೊರಡುವ ಬೆಳಿಗ್ಗೆ ನಾನು ಅವಳ ಮುಂದೆ ಹುಲ್ಲು ಗುಡ್ಡೆ ಹಾಕಿದಾಗ ಅಪ್ಪ, "ಅಲ್ವೇ, ಹೊಟ್ಟೆ ತುಂಬಿಸ್ಕೊಂಡು ಯಾರಾದ್ರೂ ಆಪರೇಷನ್‌ಗೆ ಹೋಗ್ತಾರಾ?" ಎಂದು ತಡೆದರು. ಮೊಲದ ಲೆಕ್ಕವೇ ಬೇರೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆದ್ದರಿಂದ ಹೊಟ್ಟೆ ಖಾಲಿ ಮಾಡಿಸುವ ಅಗತ್ಯವೂ ಇಲ್ಲ. ಬದಲಿಗೆ ತಿನ್ನುವುದು ನಿಂತರೆ ಕರುಳಿನ ಓಡಾಟ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಿಗೆ ಅದು ಇನ್ನಷ್ಟು ತಿನ್ನದೆ ಕೂರುತ್ತದೆ. ಅಲ್ಲಿಗೆ ಪ್ರಾಣಕ್ಕೇ ಸಂಚಕಾರ. "ಅವಳಿಗೆ ಇಷ್ಟವಾದದ್ದನ್ನ ಡಬ್ಬಿಗೆ ಹಾಕ್ಕೊಂಡು ಬನ್ನಿ, ಎಚ್ಚರ ಆದ ಕೂಡಲೇ ಮುಂದೆ ಇಡೋಣ" ಎಂದು ಡಾಕ್ಟರು ಫೋನಿನಲ್ಲೇ ಹೇಳಿದ್ದರು. ಅಷ್ಟು ಕೇಳಿಯೇ ಇವರಿಗೆ ಮೊಲ ಗೊತ್ತು ಅಂತ ನನಗೆ ಧೈರ್ಯ ಬಂದದ್ದು. ನಮ್ಮ ಹನುಮಂತನಗರದ ಸುತ್ತಮುತ್ತ ನಾಯಿ, ಬೆಕ್ಕಿಗೆ ವೈದ್ಯರಿಗೇನೂ ಕೊರತೆಯಿಲ್ಲ. ಮೊಲ ಅಂದರೆ ಮಾತ್ರ ಊರಿನ ಇನ್ನೊಂದು ತುದಿಗೆ ಹೋಗಬೇಕಾಯಿತು.

ಗಂಡು ಮೊಲದ ಮುಖವನ್ನೇ ನೋಡದವಳು ಬೆಲ್ಲ. ಆದರೂ ಆಗಾಗ ಬಸುರಿಯ ಹಾಗೆ ಆಡುತ್ತಿದ್ದಳು. ಎದೆಯ ರೋಮ ಕಿತ್ತು, ಬಾಯಿಯ ಎರಡೂ ಕಡೆ ಇಳಿಬೀಳುವಷ್ಟು ಹುಲ್ಲು ಕಚ್ಚಿಕೊಂಡು ಹೋಗಿ ಸೋಫಾದ ಹಿಂದೆ ಗೂಡು ಕಟ್ಟುವುದು, ಹತ್ತಿರ ಹೋದವರ ಮೇಲೆ ಗುರ್ ಎನ್ನುವುದು. ಸುಳ್ಳು ಬಸಿರು ಅಷ್ಟೇ, ಎರಡು ಮೂರು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರಾ ಸಾಮಾನ್ಯ ಎಂದು ಡಾಕ್ಟರು ಹೇಳಿದ ಮೇಲೆ ನಾನು ಮುಂದೂಡಲಿಲ್ಲ.

ಸರ್ಜರಿಯ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಮುಗಿಯಿತು ಎಂದರು. ಸಂಜೆ ಟ್ರಾಫಿಕ್‌ನಲ್ಲಿ ಹಾರ್ನ್ ಸದ್ದಿಗೆ ಬೆದರದಿರಲಿ ಎಂದು ಬುಟ್ಟಿಯ ಮೇಲೆ ದುಪಟ್ಟಾ ಹೊದಿಸಿ ಮನೆಗೆ ತಂದೆ. ನಿಜವಾದ ಕೆಲಸ ಶುರುವಾದದ್ದು ಆಮೇಲೆ.

ನಮ್ಮನೆ ನೆಲ ಟೈಲ್ಸು. ಕಾಲು ಜಾರಿದರೆ ಹೊಲಿಗೆ ಎಳೆಯುತ್ತದೆ ಎಂದು ಮೂಲೆಯಲ್ಲಿ ಜಮಖಾನ ಹಾಸಿ, ಅದರ ಮೇಲೆ ಅಪ್ಪನ ಹಳೆಯ ಬಿಳಿ ಪಂಚೆ ಮಡಿಸಿ ಹಾಕಿದೆ. ಬಿಳಿಯೇ ಬೇಕಿತ್ತು. ರಕ್ತ ಜಿನುಗಿದರೂ ಕಾಣಬೇಕು, ಹಿಕ್ಕೆ ಬಿದ್ದರೂ ಕಾಣಬೇಕು. ಹೊಟ್ಟೆಯ ರೋಮ ಬೋಳಿಸಿದ ಜಾಗ ತೆಳು ನೀಲಿ ಮಿಶ್ರಿತ ಗುಲಾಬಿ ಬಣ್ಣಕ್ಕಿತ್ತು. ನಡುವೆ ನನ್ನ ಹೆಬ್ಬೆರಳಿನುದ್ದದ ಗೆರೆ. ಒಳಗಿನ ಹೊಲಿಗೆ ತಾನಾಗಿ ಕರಗುವಂಥದ್ದು, ಹೊರಗೆ ದಾರದ ತುದಿಯೂ ಕಾಣುತ್ತಿರಲಿಲ್ಲ. ಅಮ್ಮ ಇಣುಕಿ ನೋಡಿ, "ನನಗೆ ಹಾಕಿದ್ದಕ್ಕಿಂತ ನೀಟಾಗಿ ಹಾಕಿದಾರೆ" ಎಂದರು.

ಗಾಯ ನೋಡಿ ನಾನು ಹೆದರಲಿಲ್ಲ. ಹೆದರಿಸಿದ್ದು ಆ ಸ್ವಚ್ಛವಾದ ಪಂಚೆ. ಬೆಲ್ಲ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಗೋಡೆಗೆ ಮುಖ ಹಾಕಿ ಕೂತಿದ್ದಳು. ಹತ್ತಿರ ಕಿವಿಯಿಟ್ಟರೆ ಹಲ್ಲು ಕಟಕಟ ಕಡಿಯುವ ಸದ್ದು. ತಲೆ ಸವರಿದಾಗ ಖುಷಿಗೆ ಮಾಡುವ ಮೆಲು ಸದ್ದಲ್ಲ ಅದು, ಜೋರಾದದ್ದು, ನೋವಿನದು. ಕಿವಿ ಮುಟ್ಟಿದರೆ ತಣ್ಣಗೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟೆ. ಬೇಡವಾದರೆ ದೂರ ಸರಿಯಲಿ ಎಂದು ಒಂದೇ ಕಡೆಗೆ. ಕೊಟ್ಟು ಕಳಿಸಿದ್ದ ನೋವಿನ ಔಷಧಿ ಮೆಲಾಕ್ಸಿಕ್ಯಾಮ್ ಸಿಹಿಯಾಗಿರುತ್ತದಂತೆ. ಸಿರಿಂಜಿನ ತುದಿಯನ್ನೇ ನೆಕ್ಕಿದಳು. ಆ ದಿನ ಅವಳು ಇಷ್ಟಪಟ್ಟು ಬಾಯಿಗೆ ತಗೊಂಡದ್ದು ಅದೊಂದೇ.

ಕೊತ್ತಂಬರಿ ಇಟ್ಟೆವು, ಮೂಸಲಿಲ್ಲ. ಎಲ್ಲೋ ದೂರದ ದೇಶದಿಂದ ಬರುವ, ಅಕ್ಕಿಗಿಂತ ದುಬಾರಿಯಾದ ತಿಮೋತಿ ಹುಲ್ಲು ಇಟ್ಟೆವು, ತಲೆಯೆತ್ತಲಿಲ್ಲ. ಹನ್ನೆರಡು ಗಂಟೆ ಕಾಲ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕಾಯದೆ ಫೋನ್ ಮಾಡಿ ಎಂದಿದ್ದರು. ಅಲ್ಲಿಯವರೆಗೆ ಸಿರಿಂಜಿನಲ್ಲಿ ತಿನ್ನಿಸಬೇಕು. ಹುಲ್ಲಿನ ಹಿಟ್ಟನ್ನು ಬೆಚ್ಚಗಿನ ನೀರಲ್ಲಿ ಕಲಸಿದರೆ ಹಸಿರು ಗಂಜಿಯಾಗುತ್ತದೆ, ಗೋಶಾಲೆಯ ವಾಸನೆ ಬರುತ್ತದೆ. ಮಸಾಲೆ ದೋಸೆಯ ಹಾಗೆ ಅವಳನ್ನು ಟವೆಲ್‌ನಲ್ಲಿ ಸುತ್ತಿ ಅಪ್ಪ ತೊಡೆಯ ಮೇಲೆ ಹಿಡಿದುಕೊಂಡರು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಮೊಲಕ್ಕೆ ಖಾಲಿ ಜಾಗವಿದೆ. ಪಕ್ಕದಿಂದ ಅಲ್ಲಿಗೆ ಸಿರಿಂಜ್ ತೂರಿಸಿ, ತಲೆ ಮೇಲೆತ್ತದೆ, ಒಂದೊಂದೇ ತೊಟ್ಟು. ಅವಳು ಅಗಿದು ನುಂಗುವವರೆಗೆ ಕಾದು ಇನ್ನೊಂದು. ಅರ್ಧ ಅವಳ ಗದ್ದಕ್ಕೆ, ಕಾಲು ಭಾಗ ಅಪ್ಪನ ಬನಿಯನ್‌ಗೆ. ರಾತ್ರಿಯಿಡೀ ಸರದಿ ಮೇಲೆ ಎದ್ದೆವು. ಎದ್ದವರನ್ನು ಮಲಗಿದವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹಿಕ್ಕೆ ಬಂತಾ?"

ಬೆಳಗಾಗುತ್ತಲೇ ಅಪ್ಪ ಗಾಂಧಿ ಬಜಾರಿಗೆ ಹೋಗಿ, ಹೂವಿನವರ ಹತ್ತಿರ ಗಣಪತಿ ಪೂಜೆಗೆ ಕಟ್ಟಿಟ್ಟ ಗರಿಕೆ ತಂದರು. ಅದು ಯಾರೂ ಹೇಳಿಕೊಟ್ಟ ಉಪಾಯವಲ್ಲ, ಹಳ್ಳಿಯಲ್ಲಿ ಮೊಲಗಳು ಅದನ್ನೇ ಮೇಯುವುದನ್ನು ಅವರು ನೋಡಿದ್ದರು. ಚೆನ್ನಾಗಿ ತೊಳೆದು ಒಂದು ಎಳೆ ಮೂಗಿನ ಮುಂದೆ ಹಿಡಿದೆವು. ಮೂಗು ಆಡಿತು. ತುದಿ ಒಳಗೆ ಹೋಯಿತು, ಎಳೆ ಇಷ್ಟಿಷ್ಟೇ ಗಿಡ್ಡವಾಯಿತು. ಮಧ್ಯಾಹ್ನದೊಳಗೆ ಪಂಚೆಯ ಮೇಲೆ ಹಿಕ್ಕೆ ಬಿದ್ದವು. ಮೆಣಸಿನ ಕಾಳಿಗಿಂತ ಸಣ್ಣವು, ಒಣಗಿ ಕಪ್ಪಾದವು, ಒಂದೆರಡು ಸೊಟ್ಟ. ಅಮ್ಮ ಅದರ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಮೈಸೂರಿನ ಚಿಕ್ಕಪ್ಪ ಕೈ ಮುಗಿಯುವ ಇಮೋಜಿ ಕಳಿಸಿದರು, ಏನೆಂದುಕೊಂಡರೋ ಗೊತ್ತಿಲ್ಲ.

ಮಾರನೆಯ ದಿನ ಇನ್ನೊಂದು ಗಾಬರಿ. ಪಂಚೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ. ಕ್ಲಿನಿಕ್‌ಗೆ ಫೋನ್ ಮಾಡಿದರೆ, ಬಣ್ಣ ಎಲ್ಲ ಕಡೆ ಒಂದೇ ಸಮ ಇದೆಯಾ, ನಡುನಡುವೆ ಗೆರೆ, ಗಡ್ಡೆ ಇದೆಯಾ ಎಂದು ಕೇಳಿದರು. ಒಂದೇ ಸಮ ಇತ್ತು. ಕೆಲವು ಸೊಪ್ಪಿನ ಬಣ್ಣ ಮೊಲದ ಮೂತ್ರದಲ್ಲಿ ಹಾಗೇ ಇಳಿಯುತ್ತದಂತೆ. ಆದರೂ ತಂದು ತೋರಿಸಿ ಎಂದರು. ಮೂತ್ರ ಪರೀಕ್ಷಿಸುವ ಪಟ್ಟಿ ಅದ್ದಿ ನೋಡಿ ರಕ್ತವಲ್ಲ ಎಂದು ಖಚಿತ ಮಾಡಿದರು.

ಗಾಯ ನೆಕ್ಕದಿರಲೆಂದು ನಾಯಿಗೆ ಹಾಕುವಂಥ ಅಗಲವಾದ ಕೊರಳಪಟ್ಟಿ ಯಾಕೆ ಹಾಕಿಲ್ಲ ಎಂದು ಬಂದವರೆಲ್ಲ ಕೇಳಿದರು. ಮೊಲ ಗಟ್ಟಿ ಹಿಕ್ಕೆಯ ಜೊತೆಗೆ ಮೆತ್ತಗಿನ ಗೊಂಚಲು ಹಿಕ್ಕೆಯನ್ನೂ ಹಾಕುತ್ತದೆ. ಅದನ್ನು ನೆಲಕ್ಕೆ ಬೀಳಲೂ ಬಿಡದೆ ನೇರ ಬಾಯಿ ಹಾಕಿ ತಿನ್ನುತ್ತದೆ. ಮೊಲಕ್ಕೆ ಬೇಕಾದ ಹಲವು ಜೀವಸತ್ವಗಳು ಆ ಮೆತ್ತಗಿನ ಹಿಕ್ಕೆಯಲ್ಲಿವೆ. ಕೊರಳಪಟ್ಟಿ ಹಾಕಿದರೆ ಬಾಯಿ ಅಲ್ಲಿಗೆ ಎಟುಕುವುದಿಲ್ಲ. ಹಾಗಾಗಿ ಗಾಯ ಕಚ್ಚುತ್ತಾಳಾ ಎಂದು ನಾವೇ ಕಾದೆವು. ಕಚ್ಚಲಿಲ್ಲ.

ಈಗ ಮೇಲಿನ ಮನೆಯವರ ಸರದಿ. "ಎರಡೂ ಹೆಣ್ಣೇ" ಎಂದು ಅಂಗಡಿಯವನು ಕೊಟ್ಟ ಜೋಡಿಯಲ್ಲಿ ಒಂದು ಗಂಡು ಎಂದು ಅವರಿಗೆ ತಿಳಿದದ್ದು ಮರಿಗಳಾದ ಮೇಲೆ. ಮರಿ ಹಾಕಿದ ದಿನವೇ ಮೊಲ ಮತ್ತೆ ಗಬ್ಬ ಕಟ್ಟಬಹುದು, ಮುಂದಿನ ಮರಿಗಳಿಗೆ ಒಂದು ತಿಂಗಳು ಸಾಕು ಎಂದು ಕೇಳಿ ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಂಡಿಗೆ ಮೊದಲು ಮಾಡಿಸಿ ಎಂದೆ, ಆಪರೇಷನ್ ಸಣ್ಣದು. ಆದರೆ ಆದಮೇಲೂ 4ರಿಂದ 6 ವಾರ ಹೆಣ್ಣಿನಿಂದ ದೂರ ಇಡಬೇಕು, ಅಲ್ಲಿಯವರೆಗೆ ಅದರಿಂದ ಮರಿ ಆಗುವ ಸಾಧ್ಯತೆ ಇರುತ್ತದೆ. ಮೊಲವನ್ನು ರಾತ್ರಿಯಿಂದ ಉಪವಾಸ ಇಡಿ ಎನ್ನುವ ವೈದ್ಯರಿದ್ದರೆ ಅಲ್ಲಿಂದ ಎದ್ದು ಬನ್ನಿ ಎಂದೂ ಹೇಳಿದೆ. ಆಕೆ ಎಲ್ಲ ಬರೆದುಕೊಂಡರು. ಗರಿಕೆ ತರಲು ಅಪ್ಪ ಒಪ್ಪಿದ್ದಾರೆ, ಪಂಚೆ ಮಾತ್ರ ಅವರವರದೇ ಎಂದಿದ್ದಾರೆ.